ಕಿವಿಯ ಹಾವು

ಅರೆಗತ್ತಲಲ್ಲಿ ಬಿದ್ದಿದ್ದ ಹಗ್ಗವನ್ನು ಹಾವೆಂದು ಬಗೆದು ಬೆದರಿದವನ ದೃಷ್ಟಾಂತವನ್ನು ನಮ್ಮ ಹಿರಿಯರು ಎಷ್ಟೋ ಬಗೆಯಲ್ಲಿ ಹೇಳಿದ್ದಾರೆ. ದೀಪ ತಂದು ನೋಡಿದರೆ ಹಗ್ಗವು ಹಗ್ಗವೇ. ಹಾವೂ ಹೋಯಿತು, ಹಾವಿನ ಭಯವೂ ಹೋಯಿತು. ನಾವು ಇಲ್ಲಿ ಹೇಳಹೊರಟಿರುವ ಸಂಗತಿ ಅದಕ್ಕಿಂತ ಕೊಂಚ ತೊಡಕಿನದು. ದೀಪ ತಂದು ನೋಡಿದಾಗಲೂ ನಮ್ಮ ಹಾವು ಹಾವೇ ಆಗಿತ್ತು. ಆದರೆ ನಾವು ಬಗೆದಿದ್ದ ಹಾವು ಅದಾಗಿರಲಿಲ್ಲ. ದೀಪ ತರಲು ನಾವು ಮಾಡಿದ ತಡದಿಂದ ಒಂದು ಮಗುವಿನ ಕಿವಿಗೆ ಕೇಡಾಯಿತು. ಉಪಾಧ್ಯಾಯ ಬಂಧುಗಳ ಮುಂದೆ ಇದನ್ನು ಮುಚ್ಚಿಡುವುದು ಸರಿಯಲ್ಲವೆಂದು ತೋರಿದ್ದರಿಂದ ಬರೆಯುತ್ತಿದ್ದೇವೆ.

ನಮ್ಮದು ಹೊಸೂರು ಸೀಮೆಯ ಒಂದು ಚಿಕ್ಕ ಹಳ್ಳಿಯ ಕನ್ನಡ ಶಾಲೆ. ಸೇಲಂ ಜಿಲ್ಲೆಗೆ ಸೇರಿದ್ದ ಈ ನೆಲವು 1965ರಲ್ಲಿ ಧರ್ಮಪುರಿಗೆ ಸೇರಿತು, 2004ರಲ್ಲಿ ಕೃಷ್ಣಗಿರಿಗೆ ಸೇರಿತು. ಹೆಸರು ಬದಲಾದರೂ ಕೆಮ್ಮಣ್ಣು ಅದೇ, ರಾಗಿಯ ಹೊಲ ಅದೇ, ಹುಣಿಸೆಯ ಮರ ಅದೇ. ಈಚಿನ ದಶಕಗಳಲ್ಲಿ ಗುಲಾಬಿಯ ತೋಟಗಳೂ ಕುಂಡದ ಗಿಡಗಳನ್ನು ಬೆಳೆಸಿ ಮಾರುವ ನರ್ಸರಿಗಳೂ ಹೆಚ್ಚಿವೆ. ಇಲ್ಲಿಯ ಮಕ್ಕಳು ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಇನ್ನೊಂದು ಮಾತು, ಸಂತೆಯಲ್ಲಿ ಮತ್ತೊಂದು ಮಾತು ಆಡುತ್ತಾರೆ. ಕನ್ನಡ, ತೆಲುಗು, ತಮಿಳು ಮೂರೂ ಅವರ ನಾಲಗೆಯ ಮೇಲೆ ಒಡಹುಟ್ಟಿದವರಂತೆ ಕುಣಿದಾಡುತ್ತವೆ. ಪಾಠ ಹೇಳುವವರಿಗೆ ಇದೊಂದು ಸಂಪತ್ತು. ಆ ಸಂಪತ್ತನ್ನು ಬಳಸಹೋಗಿಯೇ ನಾವು ಎಡವಿದೆವು.

ಅದು 2018ರ ಅಕ್ಟೋಬರ್ ತಿಂಗಳು. ರಾತ್ರಿಯಿಡೀ ಸುರಿದ ಮಳೆ ಬೆಳಗಿನ ಜಾವ ನಿಂತಿತ್ತು. ಶಾಲೆಯ ನೀರಿನ ತೊಟ್ಟಿಯ ಬಳಿ, ಕಲ್ಲುಚಪ್ಪಡಿಯ ಮೇಲೆ, ಕರಿಯ ದಾರದ ತುಂಡಿನಂಥದೊಂದು ಹೊಳೆಯುತ್ತ ಹೊರಳಾಡುತ್ತಿತ್ತು. ಮಕ್ಕಳು ಸುತ್ತ ನೆರೆದರು. “ಎರೆಹುಳ” ಎಂದನೊಬ್ಬ. “ಅಲ್ಲ, ನಾಗರಮರಿ” ಎಂದು ಇನ್ನೊಬ್ಬ ಹಿಂದೆ ಸರಿದ. ಬೀದಿಯಲ್ಲಿ ತಮಿಳು ಕೇಳಿ ಬಲ್ಲ ಹುಡುಗನೊಬ್ಬ “ಸೆವಿಪ್ಪಾಂಬು, ಸೆವಿಪ್ಪಾಂಬು” ಎಂದು ಕೂಗಿದ. ಅಷ್ಟರಲ್ಲಿ ಐದನೆಯ ತರಗತಿಯ ಹುಡುಗನೊಬ್ಬನು ಕಲ್ಲೆತ್ತಿ ಹಾಕಿ ಅದನ್ನು ಜಜ್ಜಿಬಿಟ್ಟನು. ನಾವು ಅಲ್ಲಿಯೇ ಇದ್ದೆವು, ತಡೆಯಲಿಲ್ಲ.

ತರಬೇತಿ ಶಾಲೆಯಲ್ಲಿ ನಮಗೆ ಕಲಿಸಿದ ಸೂತ್ರಗಳಲ್ಲಿ ಮೊದಲನೆಯದು, ತಿಳಿದುದರಿಂದ ತಿಳಿಯದುದರ ಕಡೆಗೆ ಮಕ್ಕಳನ್ನು ಕೊಂಡೊಯ್ಯಬೇಕು ಎಂಬುದು. ಮಕ್ಕಳ ಮನಸ್ಸು ಆ ಹಾವಿನ ಮೇಲೆಯೇ ನೆಟ್ಟಿದ್ದುದರಿಂದ ಅಂದಿನ ಭಾಷಾಪಾಠವನ್ನು ಅದರಿಂದಲೇ ಆರಂಭಿಸಿದೆವು. ಕರಿಹಲಗೆಯ ಮೇಲೆ ‘ಹಾವು, ಪಾಮು, ಪಾಂಬು’ ಎಂದು ಬರೆದೆವು. ಅದರ ಕೆಳಗೆ ‘ಕಿವಿ, ಚೆವಿ, ಸೆವಿ’ ಎಂದು ಬರೆದೆವು. ಕನ್ನಡದ ಕಕಾರ ತಮಿಳಿನಲ್ಲಿ ಹೇಗೆ ಸಕಾರವಾಗಿ ಕೇಳುತ್ತದೆಂಬುದಕ್ಕೆ ಕೇರಿ-ಸೇರಿ, ಕಿರಿದು-ಸಿರಿದು ಎಂಬ ಜೋಡಿಗಳನ್ನು ಕೊಟ್ಟೆವು. ಮಕ್ಕಳ ಕಣ್ಣುಗಳು ಅರಳಿದವು. ಬೇರೆ ಬೇರೆ ಎಂದುಕೊಂಡಿದ್ದ ಮೂರು ಮಾತುಗಳು ಒಂದೇ ಮನೆಯವೆಂದು ಅವರಿಗೆ ತಿಳಿದ ಗಳಿಗೆ ಅದು. ಅಲ್ಲಿಗೆ ನಿಲ್ಲಿಸಿದ್ದರೆ ಪಾಠ ಚೆನ್ನಾಗಿತ್ತು.

“ಅದಕ್ಕೆ ಕಿವಿಯ ಹಾವು ಅಂತ ಯಾಕೆ ಹೆಸರು, ಮೇಷ್ಟ್ರೇ?” ಎಂದು ಒಂದು ಮಗು ಕೇಳಿತು. ನಾವು ಚಿಕ್ಕಂದಿನಲ್ಲಿ ಕೇಳಿದ್ದ ಮಾತು ನಾಲಗೆಯ ತುದಿಯಲ್ಲಿಯೇ ಇತ್ತು. “ನೆಲದ ಮೇಲೆ ಮಲಗಿದವರ ಕಿವಿಯೊಳಗೆ ಹೊಕ್ಕುಬಿಡುತ್ತದೆ, ಅದಕ್ಕೆ” ಎಂದೆವು. ಹೇಳುವಾಗ ನಮಗೆ ಒಂದಿಷ್ಟೂ ಅಳುಕಾಗಲಿಲ್ಲ. ಭಾಷೆಯ ವಿಷಯದಲ್ಲಿ ಹೇಳಿದ್ದು ಓದಿ ತಿಳಿದಿದ್ದ ಮಾತು. ಹಾವಿನ ವಿಷಯದಲ್ಲಿ ಹೇಳಿದ್ದು ಬರಿಯ ಕೇಳಿದ ಮಾತು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದೆವು. ಯಾವುದು ಕಾಳು, ಯಾವುದು ಜಳ್ಳು ಎಂಬುದನ್ನು ಮಕ್ಕಳು ಹೇಗೆ ತಾನೆ ಬೇರ್ಪಡಿಸಿಯಾರು!

ಅಂದು ಕೇಳುತ್ತ ಕುಳಿತವರಲ್ಲಿ ಮೂರನೆಯ ತರಗತಿಯ ಒಬ್ಬ ಹುಡುಗಿಯಿದ್ದಳು. ಶಾಲೆಯಲ್ಲಿ ಕೇಳಿದ್ದನ್ನೆಲ್ಲ ಸಂಜೆ ಮನೆಯಲ್ಲಿ ಅಜ್ಜಿಗೆ ಅಕ್ಷರವೂ ತಪ್ಪದಂತೆ ಒಪ್ಪಿಸುವುದು ಅವಳ ಪರಿಪಾಠ. ತಂದೆ ತಾಯಿ ಗುಲಾಬಿಯ ತೋಟದ ಕೆಲಸಕ್ಕೆ ಹೋಗುವವರು; ಮನೆಯಲ್ಲಿ ಓದುಬರಹ ಬಲ್ಲವಳು ಅವಳೊಬ್ಬಳೇ. ಅಜ್ಜಿಗೆ ಮೊಮ್ಮಗಳ ಪಾಠವೆಂದರೆ ಪುರಾಣ ಕೇಳಿದಷ್ಟು ಭಕ್ತಿ.

ಮರುವಾರ ಆ ಹುಡುಗಿ ಶಾಲೆಗೆ ಬರಲಿಲ್ಲ. ಮೊದಲ ದಿನ ನಾವು ಹಾಜರಿಯಲ್ಲಿ ಗುರುತು ಹಾಕಿ ಸುಮ್ಮನಾದೆವು. ಮೂರನೆಯ ದಿನ ಸಂಜೆ ಅವಳ ಮನೆಗೆ ಹೋದೆವು. ಮಗು ಜಗಲಿಯ ಮೇಲೆ ಚಾಪೆಯಲ್ಲಿ ಎಡಮಗ್ಗುಲಾಗಿ ಮಲಗಿತ್ತು. ಬಲಗಿವಿಯ ಸುತ್ತ ಚರ್ಮ ಕೆಂಪಗೆ ಸುಲಿದಂತಿತ್ತು. ಕಿವಿಯಿಂದ ನೀರು ಒಸರುತ್ತಿತ್ತು. ಅಜ್ಜಿ ನಮ್ಮನ್ನು ಕಂಡು ಎದ್ದು ಬಂದು, ತಪ್ಪೊಪ್ಪಿಕೊಳ್ಳುವವರ ದನಿಯಲ್ಲಿ ಅಲ್ಲ, ಸರಿಯಾದುದನ್ನೇ ಮಾಡಿದವರ ದನಿಯಲ್ಲಿ ಹೇಳಿದರು. ರಾತ್ರಿ ಮಗು ಕಿವಿನೋವೆಂದು ಅಳುತ್ತ ಎದ್ದಿತು. ದೀಪ ಹಾಕಿ ನೋಡಿದರೆ ಚಾಪೆಯಿಂದ ಒಂದು ಮಾರು ದೂರದಲ್ಲಿ, ಬಚ್ಚಲ ಬಾಗಿಲ ಬಳಿ, ಆ ಕರಿಯ ಹುಳುವಿನಂಥ ಹಾವು ಹರಿಯುತ್ತಿತ್ತು. ಒಂದು ಹೊರಗಿದ್ದರೆ ಇನ್ನೊಂದು ಒಳಗೆ ಹೋಗಿರಲೇಬೇಕು. ಸೌಟಿನಲ್ಲಿ ಎಣ್ಣೆ ಕಾಯಿಸಿ ಬೆಳ್ಳುಳ್ಳಿ ಹಾಕಿ ಕಿವಿಗೆ ಬಿಟ್ಟರು.

“ಹಾವು ಮಿದುಳಿಗೆ ಹತ್ತೋದರೊಳಗೆ ಬಿಡಬೇಕಲ್ಲ ಮೇಷ್ಟ್ರೇ, ಆರೋವರೆಗೂ ಕಾಯೋಕೆ ಆಗತದಾ? ನಮ್ಮ ಹಿರೀಕರು ಹೇಳಿದಾಗ ನಾನು ನಂಬಿದ್ದೆನೋ ಇಲ್ಲವೋ. ಓದಿದ ನೀವೇ ಹೇಳಿದ್ರಂತಲ್ಲ” ಎಂದರು.

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನ ಬೆಳಗ್ಗೆ ಮಗುವನ್ನೂ ಅಜ್ಜಿಯನ್ನೂ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ವೈದ್ಯರು ಕಿವಿಯೊಳಕ್ಕೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಮೊದಲು ಎದ್ದಿದ್ದ ನೋವು ನಾಳದೊಳಗಿನ ಒಂದು ಸಣ್ಣ ಕುರುವಿನದು. ಅದು ಕೆಲವು ದಿನದ ಔಷಧದಿಂದ ಗುಣವಾಗುವಂಥದು. ಈಗ ಸುಟ್ಟಿರುವುದು ನಾಳದ ಚರ್ಮ, ತೂತಾಗಿರುವುದು ಕಿವಿಯ ತಮಟೆ. ಹಾವಿನ ಮಾತು ಬಂದಾಗ ಅವರು ನಗಲಿಲ್ಲ, ಬೈಯಲೂ ಇಲ್ಲ. ಹೊರಗಿವಿಯ ನಾಳವು ಸುಮಾರು ಒಂದು ಅಂಗುಲದಷ್ಟೇ ಉದ್ದ. ಅದರ ಕೊನೆಯಲ್ಲಿ ತಮಟೆಯು ಬಾಗಿಲು ಮುಚ್ಚಿದಂತೆ ಮುಚ್ಚಿದೆ. ಅಲ್ಲಿಂದ ಮಿದುಳಿಗೆ ದಾರಿಯಿಲ್ಲ ಎಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಅಜ್ಜಿ ಆ ಚಿತ್ರವನ್ನು ನೋಡಲಿಲ್ಲ. ನಮ್ಮ ಮುಖವನ್ನು ನೋಡಿದರು.

ಇದಾದ ಮೇಲೆ ಆ ಹಾವನ್ನು ನೋಡದೆ ಬಿಡುವುದು ನಮ್ಮಿಂದಾಗಲಿಲ್ಲ. ಮೂವತ್ತು ವರ್ಷ ಈ ನೆಲದ ಮೇಲೆ ನಡೆದಾಡಿದ್ದರೂ ಅದನ್ನು ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ. ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ನಮ್ಮ ಮನೆಯ ಮುಂದಿನ ದಾಸವಾಳದ ಕುಂಡವನ್ನು ಎತ್ತಿದಾಗ ಅದರ ತಳದ ಒದ್ದೆ ಮಣ್ಣಿನಲ್ಲಿ ಒಂದು ಸಿಕ್ಕಿತು. ಒಣಗಿದ ಎಲೆಯಿಂದ ಮೆಲ್ಲಗೆ ಎತ್ತಿ, ಗಾಜಿನ ಭರಣಿಯಲ್ಲಿ ಬಿಟ್ಟು, ಭೂತಗನ್ನಡಿ ಹಿಡಿದು ನೋಡಿದೆವು. ಹಾವುಗಳ ವಿಷಯವಾದ ಪುಸ್ತಕಗಳನ್ನು ತರಿಸಿ ಓದಿದೆವು. ಕಂಡದ್ದನ್ನೂ ಓದಿದ್ದನ್ನೂ ಕೂಡಿಸಿ ಇಲ್ಲಿ ಹೇಳುತ್ತೇವೆ.

ಇದು ಕುರುಡುಹಾವು. ಹುಳುಹಾವೆಂದೂ ಕರೆಯುತ್ತಾರೆ. ಉದ್ದ ಒಂದು ಗೇಣಿಗಿಂತ ಕಡಿಮೆ. ಬಹಳ ದೊಡ್ಡದೆಂದರೆ 17-18 ಸೆಂಟಿಮೀಟರು. ದಪ್ಪ ಬಾಲ್‌ಪೆನ್ನಿನೊಳಗಿನ ರೀಫಿಲ್ಲಿನಷ್ಟು. ಬಣ್ಣ ಕಪ್ಪು ಇಲ್ಲವೆ ಕಂದು. ಎಣ್ಣೆ ಸವರಿದಂತೆ ಹೊಳಪು. ಮೊದಲ ನೋಟಕ್ಕೆ ಎರೆಹುಳವೇ. ಆದರೆ ಎರೆಹುಳದ ಮೈಯಲ್ಲಿ ಉಂಗುರಗಳಿರುತ್ತವೆ, ಅದು ಹಿಗ್ಗಿ ಕುಗ್ಗಿ ನಡೆಯುತ್ತದೆ. ಇದರ ಮೈಯಲ್ಲಿ ಉಂಗುರಗಳಿಲ್ಲ, ಪುಟ್ಟ ಹೊಳೆಯುವ ಹುರುಪೆಗಳಿವೆ. ಇದು ಹಿಗ್ಗುವುದಿಲ್ಲ, ಎಡಕ್ಕೂ ಬಲಕ್ಕೂ ಬಳುಕಿ ಚುರುಕಾಗಿ ಹರಿಯುತ್ತದೆ. ತಾಳ್ಮೆಯಿಂದ ಕಾದರೆ ಕೂದಲೆಳೆಯಂಥ ನಾಲಗೆ ಹೊರಬಂದು ಒಳಹೋಗುವುದೂ ಕಾಣುತ್ತದೆ. ಉಳಿದ ಹೆಚ್ಚಿನ ಹಾವುಗಳ ಹೊಟ್ಟೆಯಡಿಯಲ್ಲಿ ಅಗಲವಾದ ಪಟ್ಟಿಗಳಂಥ ಹುರುಪೆಗಳಿದ್ದರೆ, ಇದಕ್ಕೆ ಬೆನ್ನು ಹೊಟ್ಟೆಗಳೆಂಬ ಭೇದವಿಲ್ಲದೆ ಸುತ್ತಲೂ ಒಂದೇ ಬಗೆಯ ಹುರುಪೆ. ಮಣ್ಣಿನೊಳಗೆ ನುಸುಳುವವರಿಗೆ ಆ ಉಡುಪೇ ಅನುಕೂಲ.

ಕಣ್ಣುಗಳಿರುವ ಎಡೆಯಲ್ಲಿ ಎರಡು ಕರಿಯ ಚುಕ್ಕೆಗಳಿವೆ. ಅವು ಪಾರದರ್ಶಕವಾದ ಹುರುಪೆಯ ಕೆಳಗೆ ಮುಚ್ಚಿಹೋಗಿವೆ. ರೂಪಗಳನ್ನು ಅವು ಕಾಣಲಾರವು. ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟನ್ನು ಅರಿಯಬಲ್ಲವು. ಭೂತಗನ್ನಡಿಯನ್ನು ಬಿಸಿಲಿಗೆ ಹಿಡಿದಾಗ ಅದು ಅಂಜಿದಂತೆ ನೆರಳಿನ ಕಡೆಗೆ ತಿರುಗಿತು. ಎಲ್ಲ ಹಾವುಗಳಂತೆ ಇದಕ್ಕೂ ಹೊರಗಿವಿಯಿಲ್ಲ, ಕಿವಿಯ ತಮಟೆಯೂ ಇಲ್ಲ. ನೆಲದ ಅದುರನ್ನು ದವಡೆಯ ಮೂಳೆಯ ಮೂಲಕ ಒಳಗಿವಿ ತಿಳಿಯುತ್ತದೆ. ಕಿವಿಯ ಹಾವೆಂದು ಹೆಸರು ಹೊತ್ತ ಈ ಪ್ರಾಣಿಗೆ ಹೇಳಿಕೊಳ್ಳಲು ಒಂದು ಕಿವಿಯೂ ಇಲ್ಲ.

ಬಾಯಿ ಮೂತಿಯ ಕೆಳಗೆ ಅಡಗಿರುವ ಒಂದು ಸಣ್ಣ ಸೀಳು. ಈ ಕುಟುಂಬದ ಹಾವುಗಳಿಗೆ ಹಲ್ಲುಗಳು ಮೇಲ್ದವಡೆಯಲ್ಲಿ ಮಾತ್ರ, ಕೆಳದವಡೆ ಬೋಳು. ವಿಷವಿಲ್ಲ. ಮನುಷ್ಯನನ್ನು ಕಚ್ಚಬೇಕೆಂದರೂ ಆ ಬಾಯಿಗೆ ನಮ್ಮ ಚರ್ಮ ಸಿಕ್ಕದು. ಬಾಲದ ತುದಿಯಲ್ಲಿ ಒಂದು ಸಣ್ಣ ಮುಳ್ಳಿದೆ. ಹಿಡಿದಾಗ ಅದನ್ನು ಕೈಗೆ ಒತ್ತುತ್ತದೆ. ಅದನ್ನೇ ಕುಟುಕೆಂದು ತಿಳಿದು ಕೈಕೊಡಹುವವರುಂಟು. ಅದು ಚರ್ಮವನ್ನು ಭೇದಿಸುವಷ್ಟು ಗಟ್ಟಿಯೂ ಅಲ್ಲ, ಅದರಲ್ಲಿ ನಂಜೂ ಇಲ್ಲ. ಮಣ್ಣಿನಲ್ಲಿ ಮುಂದೆ ಸರಿಯುವಾಗ ಊರಿಕೊಳ್ಳುವ ಊರುಗೋಲು ಅಷ್ಟೆ.

ಇದರ ಆಹಾರ ಇರುವೆಗಳ ಮತ್ತು ಗೆದ್ದಲುಗಳ ಗೂಡಿನಲ್ಲಿದೆ. ಅವುಗಳ ಮೊಟ್ಟೆ, ಮರಿಹುಳು, ಕೋಶಗಳನ್ನು ಇದು ನುಂಗುತ್ತದೆ. ಬೆಳೆದ ಗೆದ್ದಲನ್ನೂ ತಿನ್ನುತ್ತದೆ. ಜಪಾನಿನ ಇಬ್ಬರು ವಿಜ್ಞಾನಿಗಳು 2015ರಲ್ಲಿ ಒಂದು ವಿಚಿತ್ರವನ್ನು ಪ್ರಕಟಿಸಿದರು. ಈ ಹಾವು ಗೆದ್ದಲನ್ನು ಹಿಂಬದಿಯಿಂದ ಹಿಡಿದು, ನೆಲಕ್ಕೆ ಉಜ್ಜಿ, ಎಷ್ಟೋ ಸಲ ತಲೆಯನ್ನು ಮುರಿದು ಬಿಟ್ಟು ಮೈಯನ್ನು ಮಾತ್ರ ನುಂಗುತ್ತದೆಯಂತೆ. ಹಾವುಗಳೆಂದರೆ ಬೇಟೆಯನ್ನು ಇಡಿಯಾಗಿ ನುಂಗುವ ಪ್ರಾಣಿಗಳೆಂದು ನಾವೆಲ್ಲ ಪಾಠ ಹೇಳಿದವರೇ. ಪಾಠಕ್ಕೆ ಒಂದು ಹೊರತನ್ನು ಕಲಿಸಿದ್ದು, ನಮ್ಮ ಹುಡುಗ ಕಲ್ಲಿನಿಂದ ಜಜ್ಜಿದ ಈ ಬಡಪ್ರಾಣಿಯೇ. ನಮ್ಮ ಶಾಲೆಯ ಕಪಾಟಿನಲ್ಲಿದ್ದ ಹಳೆಯ ಕನ್ನಡ ಕಥೆಪುಸ್ತಕಗಳನ್ನು ಒಂದು ಬೇಸಗೆಯ ರಜೆಯಲ್ಲಿ ಗೆದ್ದಲು ತಿಂದು ಮಣ್ಣು ಮಾಡಿತ್ತು. ಗೆದ್ದಲಿಗೆ ಹಗೆಯಾದವನನ್ನು ನಾವು ಅಂಗಳದಲ್ಲಿ ಕೊಂದು, ಗೆದ್ದಲನ್ನು ಕಪಾಟಿನಲ್ಲಿ ಸಾಕಿದೆವೆಂದು ಆಗ ಅನ್ನಿಸಿತು.

ಮಳೆ ಬಂದಾಗ ಇದು ಮನೆಗೆ ಬರುವುದೇಕೆ ಎಂಬುದು ಈಗ ತಿಳಿಯಿತು. ಮಣ್ಣಿನ ಸಂದುಗಳಲ್ಲಿ ನೀರು ತುಂಬಿದಾಗ ಮೇಲಕ್ಕೆ ಬರುತ್ತದೆ. ಬಚ್ಚಲಿನ ತೂಬು, ಕಲ್ಲುಚಪ್ಪಡಿಯ ಬಿರುಕು, ಕುಂಡದ ತಳದ ತೂತು ಅದರ ದಾರಿ. ಹೊಸಿಲು ದಾಟಿ ಬರುವ ಅತಿಥಿ ಅದಲ್ಲ. ಮನೆ ಮುಳುಗಿ ದಿಕ್ಕುತಪ್ಪಿದ ಕುರುಡ. ನೆಲದ ಮೇಲೆ ಮಲಗುವ ನಮ್ಮ ಮನೆಗಳಲ್ಲಿ ಚಾಪೆಯ ಬಳಿ ಅದು ಕಾಣಿಸುತ್ತದೆ. ಕಿವಿನೋವು ಮಳೆಗಾಲದಲ್ಲಿಯೂ ಬರುತ್ತದೆ. ಎರಡನ್ನೂ ಒಂದೇ ರಾತ್ರಿ ಕಂಡವರು ಯಾರೋ ಒಂದಕ್ಕೊಂದು ಗಂಟು ಹಾಕಿರಬೇಕು. ಆ ಗಂಟನ್ನು ಬಿಚ್ಚಿ ನೋಡದೆ ನಾವು ಮುಂದಿನವರ ಕೈಗೆ ಕೊಟ್ಟೆವು.

ಹೆಸರಿನ ವಿಷಯದಲ್ಲಿ ತಪ್ಪಿದವರು ನಾವೊಬ್ಬರೇ ಅಲ್ಲವೆಂದು ಓದಿದಾಗ ಸಮಾಧಾನವಾಗಲಿಲ್ಲ, ಆದರೆ ಕುತೂಹಲವಾಯಿತು. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯರು ಪೂರ್ವ ಕರಾವಳಿಯ ಹಾವುಗಳನ್ನು ಕುರಿತು ಚಿತ್ರಸಹಿತವಾದ ದೊಡ್ಡ ಗ್ರಂಥವನ್ನು 1796ರಲ್ಲಿ ಹೊರತಂದರು. ಅದರಲ್ಲಿ ವಿಶಾಖಪಟ್ಟಣದ ಈ ಪುಟ್ಟ ಹಾವಿನ ಚಿತ್ರವೂ ಇದೆ. ಅಲ್ಲಿಯ ಜನ ಹೇಳಿದಂತೆ ಅವರು ಬರೆದುಕೊಂಡ ತೆಲುಗು ಹೆಸರಿನ ಅರ್ಥ ಎರಡು ತಲೆಯ ಹಾವು. ತಲೆಯೂ ಬಾಲವೂ ಒಂದೇ ಬಗೆಯಾಗಿ ಮೊಂಡಾಗಿರುವುದರಿಂದ ಕಣ್ಣು ಮೋಸಹೋಯಿತು. ಆ ಚಿತ್ರವನ್ನೂ ವಿವರಣೆಯನ್ನೂ ಆಧರಿಸಿ ಫ್ರಾನ್ಸಿನ ದೊದ್ಯಾಂ ಎಂಬ ವಿದ್ವಾಂಸರು 1803ರಲ್ಲಿ ಇದಕ್ಕೆ ಶಾಸ್ತ್ರೀಯವಾದ ಹೆಸರಿಟ್ಟರು. ಇಟ್ಟದ್ದು ಮಣ್ಣುಮುಕ್ಕ ಹಾವುಗಳ ಗುಂಪಿನಲ್ಲಿ. ಬಳಿಕ ಬಂದವರು ಅದನ್ನು ಅಲ್ಲಿಂದ ಎತ್ತಿ ಕುರುಡುಹಾವುಗಳ ಕುಟುಂಬಕ್ಕೆ ಸೇರಿಸಿದರು. 2014ರಲ್ಲಿ ಅದಕ್ಕೆ ಮತ್ತೆ ಹೊಸ ಹೆಸರು ಬಂತು. ಈಗ ಅದು ಇಂಡೋಟಿಫ್ಲಾಪ್ಸ್ ಬ್ರಾಮಿನಸ್. ಟಿಫ್ಲೋಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಕುರುಡು. ನಾವು ಅಂಜುವ ಕೊಳಕುಮಂಡಲವನ್ನು ಇಂಗ್ಲಿಷಿನಲ್ಲಿ ಇದೇ ರಸೆಲರ ಹೆಸರಿನಿಂದ ಕರೆಯುತ್ತಾರೆ. ಸಾವು ತರುವ ಹಾವೂ ಏನನ್ನೂ ಮಾಡದ ಹಾವೂ ಒಬ್ಬರದೇ ಗ್ರಂಥದಲ್ಲಿ ಸ್ಥಾನ ಪಡೆದಿವೆ. ಪಂಡಿತರು ತಪ್ಪಿದುದನ್ನು ತಿದ್ದಿಕೊಂಡರು. ತಿದ್ದಿದ ವರ್ಷವನ್ನೂ ಬರೆದಿಟ್ಟರು. ಅದು ನಮಗೆ ಪಾಠವಾಯಿತು.

ಈ ಕುಟುಂಬದಲ್ಲಿ ಲೋಕದ ಬೆಚ್ಚನೆಯ ನಾಡುಗಳಲ್ಲೆಲ್ಲ ಹರಡಿದ 250ಕ್ಕೂ ಹೆಚ್ಚು ಬಗೆಯ ಹಾವುಗಳಿವೆ. ನಮ್ಮ ದಕ್ಷಿಣ ಭಾರತದಲ್ಲಿಯೇ ಕೊಕ್ಕಿನಂಥ ಚೂಪು ಮೂತಿಯ ಒಂದು ಬಗೆಯುಂಟು. ಅದು ಎರಡು ಅಡಿಯವರೆಗೂ ಬೆಳೆಯುತ್ತದೆ. ಅದೂ ನಿರುಪದ್ರವಿಯೇ. ಆದರೆ ಕುಂಡದ ಕೆಳಗಿನ ನಮ್ಮ ಚಿಕ್ಕ ಹಾವಿಗೆ ಇರುವ ಒಂದು ವಿಶೇಷ ಬೇರೆ ಯಾವ ಹಾವಿಗೂ ಇರುವಂತೆ ತಿಳಿದುಬಂದಿಲ್ಲ. ಇದರಲ್ಲಿ ಗಂಡೇ ಇಲ್ಲ. ಈವರೆಗೆ ಪರೀಕ್ಷಿಸಿ ಖಚಿತಪಡಿಸಿಕೊಂಡವೆಲ್ಲ ಹೆಣ್ಣುಗಳೇ. ಬೇರೆ ಪ್ರಾಣಿಗಳಲ್ಲಿ ವರ್ಣತಂತುಗಳು ಸಾಮಾನ್ಯವಾಗಿ ಎರಡು ಜೊತೆಯ ಸಾಲಾಗಿದ್ದರೆ ಇದರಲ್ಲಿ ಮೂರು ಸಾಲು. ತಾಯಿ ಒಂಟಿಯಾಗಿಯೇ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಕೆಲವು ಮೊಟ್ಟೆಗಳನ್ನಿಡುತ್ತದೆ. ಹೊರಬರುವವೂ ತಾಯಿಯಂಥ ಹೆಣ್ಣುಮರಿಗಳೇ.

ಆದುದರಿಂದ ಹೊಸ ನಾಡಿನಲ್ಲಿ ನೆಲೆಯೂರಲು ಒಂದೇ ಹಾವು ಸಾಕು. ಗಿಡದ ಬುಡದ ಮಣ್ಣಿನಲ್ಲಿ ಅಡಗಿಕೊಂಡು ಹಡಗು ಹತ್ತಿ ಇದು ಆಫ್ರಿಕ, ಆಸ್ಟ್ರೇಲಿಯ, ಅಮೆರಿಕಗಳನ್ನು ಮುಟ್ಟಿದೆ. ಹವಾಯಿ ದ್ವೀಪಗಳನ್ನು 1930ರ ಸುಮಾರಿಗೆ ಸೇರಿತು. ಅಲ್ಲಿಯವರು ಇದನ್ನು ಹೂಕುಂಡದ ಹಾವೆನ್ನುತ್ತಾರೆ. ಕುಂಡದ ಗಿಡಗಳನ್ನು ಬೆಳೆಸಿ ದೂರದೂರಿಗೆ ಕಳುಹಿಸುವ ನಮ್ಮ ಹೊಸೂರಿನವರಿಗೆ ಈ ಹೆಸರು ಅರ್ಥವಾಗಲು ಟಿಪ್ಪಣಿ ಬೇಡ. ಎಲ್ಲಿ ಹೋದರೂ ಅದು ತನ್ನ ಹಿಡಿ ಮಣ್ಣನ್ನು ಜೊತೆಯಲ್ಲಿಯೇ ಒಯ್ಯುತ್ತದೆ. ಯಾರ ಕಿವಿಯನ್ನೂ ಕೇಳುವುದಿಲ್ಲ.

ಇಷ್ಟು ತಿಳಿದ ಮೇಲೆ ಮಾಡಬೇಕಾದ ಕೆಲಸವೊಂದು ಉಳಿದಿತ್ತು. ಅದನ್ನು ನಾಲ್ಕು ದಿನ ಮುಂದೆ ಹಾಕಿದೆವು. ಹೊಸ ಪಾಠವನ್ನು ಹೊಸ ಪಾಠದಂತೆ ಮಾಡಿಬಿಡಬಹುದು, ಹಳೆಯದರ ಮಾತೇಕೆ ಎಂದು ಮನಸ್ಸು ಜಾಣತನ ತೋರಿತು. ಮೇಷ್ಟ್ರು ತಪ್ಪಿದರೆಂದು ತಿಳಿದರೆ ನಾಳೆ ಲೆಕ್ಕವನ್ನೂ ಮಕ್ಕಳು ನಂಬಲಾರರೆಂಬ ನೆವ ಹೇಳಿತು. ಮುಂಚೆ ಕಾಣಿಸಿದಂತೆ ಕಾಣುತ್ತಲೇ ಇರಬೇಕೆಂಬ ಆಸೆ ನಮ್ಮದೇ ಹೊರತು ಮಕ್ಕಳದಲ್ಲವೆಂಬುದು ಅಜ್ಜಿಯ ಮುಖ ನೆನಪಾದಾಗಲೆಲ್ಲ ತಿಳಿಯುತ್ತಿತ್ತು.

ಹುಡುಗಿ ಶಾಲೆಗೆ ಮರಳಿದ ದಿನ ಭರಣಿಯನ್ನು ಮೇಜಿನ ಮೇಲಿಟ್ಟೆವು. ಕರಿಹಲಗೆಯ ಮೇಲೆ ಅಂದಿನಂತೆಯೇ ‘ಕಿವಿ, ಚೆವಿ, ಸೆವಿ’ ಎಂದು ಬರೆದೆವು. “ಇದು ಸರಿ. ಆದರೆ ಹಾವು ಕಿವಿಗೆ ಹೊಗುತ್ತದೆ ಎಂದು ನಾವು ಹೇಳಿದ್ದು ಸುಳ್ಳು. ನೋಡದೆ ಹೇಳಿದೆವು, ತಪ್ಪಾಯಿತು” ಎಂದೆವು. ತರಗತಿ ಸದ್ದಿಲ್ಲದೆ ಕುಳಿತಿತು. ಆಮೇಲೆ ಸಾಲಾಗಿ ಬಂದು ಒಬ್ಬೊಬ್ಬರೂ ಭೂತಗನ್ನಡಿಯಲ್ಲಿ ನೋಡಿದರು. ಕಲ್ಲು ಹಾಕಿದ್ದ ಹುಡುಗ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದನು. ಗಂಡಿಲ್ಲವೆಂದಾಗ ಒಂದು ಪುಟ್ಟ ಮಗು, “ಹಾಗಾದ್ರೆ ಅದರ ಹಾಜರಿಯಲ್ಲಿ ಅಪ್ಪನ ಹೆಸರು ಏನು ಬರೀತಾರೆ?” ಎಂದು ಕೇಳಿ ನಮ್ಮನ್ನೂ ನಗಿಸಿತು.

ನಮ್ಮ ಹುಡುಗಿ ಕೊನೆಗೆ ಬಂದಳು. ಬಹಳ ಹೊತ್ತು ನೋಡಿದಳು. “ಹಾಗಾದ್ರೆ ನನ್ನ ಕಿವಿಯೊಳಗೆ ಏನು ಹೋಗಿತ್ತು ಮೇಷ್ಟ್ರೇ?” ಎಂದಳು.

“ಏನೂ ಹೋಗಿರಲಿಲ್ಲ ತಾಯಿ. ಒಂದು ಚಿಕ್ಕ ಕುರು ಎದ್ದಿತ್ತು, ಅಷ್ಟೆ” ಎಂದೆವು.

ಅವಳು ಎಡಗಿವಿಯನ್ನು ನಮ್ಮ ಕಡೆಗೆ ತಿರುಗಿಸಿ, “ಇನ್ನೊಂದು ಸಲ ಹೇಳಿ” ಎಂದಳು. ಇನ್ನೊಂದು ಸಲ, ದನಿಯೆತ್ತಿ ಹೇಳಿದೆವು. ಸಂಜೆ ಅವಳೊಡನೆ ಹೋಗಿ ಅಜ್ಜಿಯ ಮುಂದೆಯೂ ಹೇಳಿದೆವು. ಆ ತಾಯಿ ನಮ್ಮನ್ನು ಬೈಯಲಿಲ್ಲ. ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು. ಅದನ್ನು ಕುಡಿಯುವುದು ನಮಗೆ ಸುಲಭವಾಗಲಿಲ್ಲ.

ಭರಣಿಯ ಹಾವನ್ನು ಅಂದೇ, ಮಕ್ಕಳ ಎದುರಿಗೆ, ಹುಣಿಸೆಯ ಮರದ ಬುಡದಲ್ಲಿ ಬಿಟ್ಟೆವು. ಅದು ಒಂದು ಕ್ಷಣ ಅತ್ತಿತ್ತ ಮೂತಿಯಾಡಿಸಿ ಮಣ್ಣಿನೊಳಗೆ ಮಾಯವಾಯಿತು.

ಇದನ್ನು ಓದುವ ವಿದ್ಯಾರ್ಥಿಗಳಿಗೆ ಎರಡು ಮಾತು ಹೇಳಲೇಬೇಕು. ಈ ಹಾವು ನಿರುಪದ್ರವಿಯೆಂದು ಓದಿ ಕಂಡ ಸಣ್ಣ ಹಾವನ್ನೆಲ್ಲ ಕೈಯಲ್ಲಿ ಹಿಡಿಯಹೋಗಬಾರದು. ನಾಗರಹಾವು, ಕಟ್ಟುಹಾವು, ಮಂಡಲದ ಹಾವುಗಳ ಮರಿಗಳಿಗೂ ಹುಟ್ಟಿನಿಂದಲೇ ವಿಷವಿರುತ್ತದೆ. ಗುರುತು ಖಚಿತವಿಲ್ಲದಾಗ ದೂರ ನಿಂತು ಹಿರಿಯರನ್ನು ಕರೆಯಿರಿ; ಯಾವ ಹಾವೇ ಕಚ್ಚಿದರೂ ಮಂತ್ರ, ಬೇರು, ಕಟ್ಟುಗಳಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಿರಿ. ಎರಡನೆಯದಾಗಿ, ಕಿವಿ ನೋಯುವಾಗ ಕಾದ ಎಣ್ಣೆಯನ್ನಾಗಲಿ ಬೇರೆ ಏನನ್ನೇ ಆಗಲಿ ಬಿಡಬಾರದು, ಕಡ್ಡಿಯಿಂದ ಕೆದಕಬಾರದು. ಕಿವಿಯೊಳಕ್ಕೆ ಕೆಲವೊಮ್ಮೆ ಇರುವೆಯೋ ಸಣ್ಣ ಹುಳವೋ ಹೋಗುವುದುಂಟು. ಆಗಲೂ ವೈದ್ಯರ ಬಳಿಗೇ ಹೋಗಬೇಕು.

ನಮ್ಮ ಉಪಾಧ್ಯಾಯ ಬಂಧುಗಳಿಗೆ ಹೇಳುವುದು ಹೆಚ್ಚೇನೂ ಇಲ್ಲ. ಗಡಿಯ ಈಚೆಗಿನ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಕನ್ನಡದ ಪುಸ್ತಕ ಹೋಗುವುದಿಲ್ಲ, ಪತ್ರಿಕೆ ಹೋಗುವುದಿಲ್ಲ. ಹೋಗುವುದು ಮಗುವಿನ ಬಾಯಲ್ಲಿ ನಮ್ಮ ಮಾತು. ಅದು ಆ ಮನೆಗಳಲ್ಲಿ ಅಚ್ಚಾದ ಅಕ್ಷರಕ್ಕಿಂತ ಹೆಚ್ಚು. ನಡುರಾತ್ರಿಯಲ್ಲಿ ಎದ್ದು ಒಲೆ ಹೊತ್ತಿಸುವವರು ಅದನ್ನು ನಂಬಿ ಹೊತ್ತಿಸುತ್ತಾರೆ.

ಆ ಹುಡುಗಿ ಈಗ ನಮ್ಮ ಶಾಲೆಯಲ್ಲಿಲ್ಲ. ಪಟ್ಟಣದ ದೊಡ್ಡ ಶಾಲೆಗೆ ಹೋಗುತ್ತಾಳೆ. ತಮಟೆಯ ತೂತು ಮುಚ್ಚಿದೆ. ಕೇಳುವಿಕೆ ಮಾತ್ರ ಪೂರ್ತಿಯಾಗಿ ಮರಳಿಲ್ಲ. ದಾರಿಯಲ್ಲಿ ಸಿಕ್ಕಿದಾಗ ನಿಂತು ಮಾತನಾಡಿಸುತ್ತಾಳೆ. ನಾವು ಅರಿಯದೆಯೇ ಅವಳ ಎಡಗಡೆಗೆ ಹೋಗಿ ನಿಲ್ಲುತ್ತೇವೆ. ಮಳೆ ಬಿದ್ದ ಮರುದಿನ ಶಾಲೆಯ ಚಪ್ಪಡಿಯ ಮೇಲೆ ಆ ಕರಿಯ ದಾರದ ತುಂಡು ಇಂದಿಗೂ ಕಾಣಿಸುತ್ತದೆ. ಮಕ್ಕಳು ಕಲ್ಲೆತ್ತುವುದಿಲ್ಲ. ಯಾರಾದರೊಬ್ಬರು ಎಲೆ ತಂದು ಅದನ್ನೆತ್ತಿ ಹುಣಿಸೆಯ ಬುಡಕ್ಕೆ ಬಿಟ್ಟು, ಕೈ ತೊಳೆದು, ತರಗತಿಗೆ ಬರುತ್ತಾರೆ.